ಆಳಂದದ ಬಜಾರು, ಸರ್ಬಿಯಾದ ಪಜಾರು

ತೊಗರಿ ರಾಶಿ ಮುಗಿದು ಜನವರಿ ಹಿಡಿಯಿತೆಂದರೆ ಕಲಬುರಗಿಯ ನೆಹರು ಗಂಜ್‌ನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಕಮಲಾಪುರದ ಹಾದಿಗಳಿಂದ ಟ್ರ್ಯಾಕ್ಟರು, ಟಂಟಂ, ಲಾರಿಗಳು ಬಂದು ಸಾಲುಗಟ್ಟುತ್ತವೆ. ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿ ಬೆನ್ನಿಗೇರಿಸುತ್ತಾರೆ. ದಲಾಲಿ ದುಕಾನದ ಮುಂದೆ ಸುರಿದ ರಾಶಿಯಿಂದ ಖರೀದಿದಾರ ಒಂದು ಮುಷ್ಟಿ ಕಾಳು ಎತ್ತುತ್ತಾನೆ, ಅಂಗೈಯಲ್ಲಿ ಹರವಿ ಹೆಬ್ಬೆರಳಿನಿಂದ ಸರಿಸಿ ನೋಡುತ್ತಾನೆ, ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾನೆ. ಕಟ್ ಎಂದರೆ ಕಾಳು ಒಣಗಿದೆ, ಮೆತ್ತಗಿದ್ದರೆ ತೇವ ಉಳಿದಿದೆ. ರೈತ ಅವನ ಬಾಯನ್ನೇ ನೋಡುತ್ತ ನಿಂತಿರುತ್ತಾನೆ.

‘ಇವತ್ತು ಬಜಾರ ಹ್ಯಾಂಗದರಿ ಸಾವ್ಕಾರ್ರ?’

‘ನಿನ್ನೀಗಿಂತ ಸ್ವಲ್ಪ ಬಿದ್ದದ ನೋಡಪಾ.’

ಈ ಮಾತಿನಲ್ಲಿ ಬಜಾರ ಎಂದರೆ ಜಾಗವಲ್ಲ, ದರ. ಗಂಜ್, ಹಮಾಲ, ದಲಾಲಿ, ದುಕಾನ, ಬಜಾರ, ಕ್ವಿಂಟಲ್, ಇವುಗಳಲ್ಲಿ ಒಂದೂ ಕನ್ನಡದ ಬೇರಿನಿಂದ ಹುಟ್ಟಿದ ಪದವಲ್ಲ. ಆದರೆ ಇವಿಲ್ಲದೆ ಈ ನೆಲದಲ್ಲಿ ಒಂದು ಚೀಲ ತೊಗರಿಯೂ ಕೈ ಬದಲಾಯಿಸುವುದಿಲ್ಲ. ಕಲಬುರಗಿಯ ಈ ಮಾತನ್ನು ಕಲಬೆರಕೆ ಕನ್ನಡವೆಂದು ಹೀಗಳೆಯುವವರು ನಮ್ಮ ರಾಜ್ಯದಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಇದೇ ಪದಗಳು ಸೋಫಿಯಾ, ಸರಾಯೆವೊ, ಮಾಸ್ಕೋಗಳಲ್ಲೂ ಇವೆ. ಅರ್ಥ ಕೆಲವು ಕಡೆ ತುಸು ಸರಿದಿದೆ, ಉಚ್ಚಾರ ಕೆಲವು ಕಡೆ ಮಾಗಿದೆ, ಆದರೆ ಪದ ಅದೇ. ಆ ಸ್ಲಾವಿಕ್ ಲೋಕಕ್ಕೂ ನಮ್ಮ ಈ ಕರಿನೆಲಕ್ಕೂ ಗಂಟು ಹಾಕಿದ ಮನುಷ್ಯನೊಬ್ಬ ಐದೂವರೆ ಶತಮಾನಗಳ ಹಿಂದೆ ಆಳಂದದ ಬಜಾರಿನಲ್ಲಿ ನಿಂತಿದ್ದ.

ತ್ವೇರ್ ಊರಿನ ವ್ಯಾಪಾರಿ

ಅವನ ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ನದಿಯ ದಡದ ತ್ವೇರ್ ಊರಿನವನು. ಸರಕು ತುಂಬಿಕೊಂಡು ಹೊರಟವನ ದೋಣಿಯನ್ನು ಅಸ್ತ್ರಖಾನ್ ಬಳಿ ದರೋಡೆಕೋರರು ದೋಚಿದರು. ಊರಿಗೆ ಮರಳಿದರೆ ಸಾಲಗಾರರ ಕಾಟ. ಹಾಗಾಗಿ ಪರ್ಷಿಯಾ ದಾಟಿ, ಹೊರ್ಮುಜ್‌ನಲ್ಲಿ ಹಡಗು ಹತ್ತಿ, ಒಂದು ಕುದುರೆಯೊಡನೆ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಅದು 1469ರ ಆಸುಪಾಸು. ಇನ್ನೆರಡು ವರ್ಷ ತಡವಾಗಿ ಬಂದನೆಂದು ಎಣಿಸುವ ವಿದ್ವಾಂಸರೂ ಇದ್ದಾರೆ. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಾಯಿಸಿದರೆ ಮಾತ್ರ ಕೊಡುವೆನೆಂದ. ಖುರಾಸಾನಿನ ಒಬ್ಬ ಮುಸಲ್ಮಾನ ನಡುವೆ ಬಂದು ಬಿಡಿಸಿದ. ಆ ಕುದುರೆ ಕೊನೆಗೆ ಮಾರಾಟವಾದದ್ದು ಬೀದರಿನಲ್ಲಿ.

ಬಹಮನಿ ರಾಜ್ಯ 1347ರಲ್ಲಿ ಕಲಬುರಗಿಯಲ್ಲಿ ಕಣ್ತೆರೆದು, ಮುಂದಿನ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದಿತ್ತು. ನಿಕಿತಿನ್ ಬಂದಾಗ ಮೂರನೇ ಮುಹಮ್ಮದ್ ಶಾ ಸುಲ್ತಾನ, ಮಹಮೂದ್ ಗವಾನ್ ವಜೀರ. ನಿಕಿತಿನ್ ತನ್ನ ಬರಹದಲ್ಲಿ ಗವಾನನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಮೆಲಿಕ್ ತುಚಾರ್’ ಎನ್ನುತ್ತಾನೆ. ‘ಮಲಿಕ್-ಉತ್-ತುಜ್ಜಾರ್’, ವರ್ತಕರ ದೊರೆ, ಎಂಬ ಬಿರುದು ರಷ್ಯನ್ ಕಿವಿಯಲ್ಲಿ ಹಾಗೆ ಕೇಳಿಸಿತ್ತು. ಕಲಬುರಗಿ ಅವನ ಬರಹದಲ್ಲಿ ‘ಕೆಲ್‌ಬರ್ಗ್’.

ಆಳಂದದ ಜಾತ್ರೆ ಅವನ ಕಣ್ಣು ಕುಕ್ಕಿತು. ಲಾಡ್ಲೆ ಮಶಾಕ್ ಎಂದು ನಾವಿಂದು ಕರೆಯುವ ಸಂತ ಶೇಖ್ ಅಲಾವುದ್ದೀನರ ದರ್ಗಾದ ಸುತ್ತ ವರ್ಷಕ್ಕೊಮ್ಮೆ ಸೇರುತ್ತಿದ್ದ ಬಜಾರು ಅದು. ಹತ್ತು ದಿನ ವ್ಯಾಪಾರ, ಇಡೀ ಹಿಂದೂಸ್ಥಾನದಿಂದ ಬರುವ ಜನ, ಮಾರಾಟಕ್ಕೆ ಬರುವ ಕುದುರೆಗಳೇ ಇಪ್ಪತ್ತು ಸಾವಿರದವರೆಗೆ ಎಂದು ಅವನು ಬರೆದಿಟ್ಟ. ಸಂತನ ಉರುಸಿನ ಕಾಲವನ್ನು ತನ್ನ ಊರಿನ ಕ್ರೈಸ್ತರ ಪೊಕ್ರೋವ್ ಹಬ್ಬದ ಲೆಕ್ಕಕ್ಕೆ ಹೊಂದಿಸಿಕೊಂಡ. ಹಿಂತಿರುಗುವಾಗಲೂ ಆಳಂದದ ಮೇಲೆಯೇ ಹಾದು ದಾಭೋಳದ ಬಂದರು ಸೇರಿದ. ಊರು ಮಾತ್ರ ಮುಟ್ಟಲಿಲ್ಲ. ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಬರಹ ಮಾಸ್ಕೋಗೆ ಹೋಗಿ ರಷ್ಯದ ವೃತ್ತಾಂತ ಗ್ರಂಥಗಳಲ್ಲಿ ಸೇರಿಕೊಂಡಿತು. 1957ರ ‘ಪರದೇಸಿ’ ಚಿತ್ರದಲ್ಲಿ ಓಲೆಗ್ ಸ್ತ್ರಿಝೆನೋವ್ ಮಾಡಿದ್ದು ಇವನ ಪಾತ್ರವನ್ನೇ, ನರ್ಗೀಸ್ ನಾಯಕಿ.

ಆಳಂದದ ಜಾತ್ರೆಯನ್ನು ಹೆಸರಿಸಲು ಅವನು ಎತ್ತಿಕೊಂಡ ಪದ ‘ಬಜಾರ್’. ಆದರೆ ಹಿಂದೂಸ್ಥಾನದಲ್ಲಿ ಇದಕ್ಕಿಂತ ಒಳ್ಳೆಯ ಮಾರುಕಟ್ಟೆ ಇಲ್ಲವೆಂದು ಮೆಚ್ಚುವಾಗ ಅವನ ಬಾಯಿಂದ ಬಂದದ್ದು ತನ್ನ ಅಜ್ಜಂದಿರ ಪದ, ‘ತೋರ್ಗ್’. ಒಂದೇ ಜಾಗಕ್ಕೆ ಅಕ್ಕಪಕ್ಕದಲ್ಲೇ ಎರಡು ಪದ. ಸ್ಲಾವಿಕ್ ಭಾಷೆಗಳ ಮಾರುಕಟ್ಟೆಯ ಚರಿತ್ರೆಯೆಲ್ಲ ಈ ಎರಡು ಪದಗಳ ನಡುವೆಯೇ ನಡೆದಿದೆ.

ಬೆಲೆ ಓಡಾಡುವ ಜಾಗ

ಬಜಾರ್ ಪದದ ಹುಟ್ಟು ಇರಾನಿನಲ್ಲಿ. ನಡುಗಾಲದ ಪರ್ಷಿಯನ್ನಿನಲ್ಲಿ ಅದು ‘ವಾಜಾರ್’. ಅದರ ಹಿಂದೆ ‘ವಹಾ’ ಮತ್ತು ‘ಚರ್’ ಎಂಬ ಎರಡು ಪ್ರಾಚೀನ ಧಾತುಗಳನ್ನು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಮೊದಲನೆಯದಕ್ಕೆ ಬೆಲೆ ಎಂದರ್ಥ. ವೇದಗಳ ‘ವಸ್ನ’ ಅದರ ನೆಂಟ. ಎರಡನೆಯದು ನಮ್ಮ ಚರ, ಸಂಚಾರಗಳ ‘ಚರ್’. ಬೆಲೆ ಓಡಾಡುವ ಜಾಗ ಎಂದಾಯಿತು. ‘ಬಜಾರ ಬಿದ್ದದ’ ಎನ್ನುವ ನೆಹರು ಗಂಜ್‌ನ ವ್ಯಾಪಾರಿಯ ಬಾಯಲ್ಲಿ ಆ ಮೊದಲ ‘ವಹಾ’ ಇನ್ನೂ ಉಸಿರಾಡುತ್ತಿದೆ.

ಈ ಪದ ಇರಾನಿನಿಂದ ಎರಡು ದಾರಿ ಹಿಡಿಯಿತು. ಒಂದು ದಾರಿ ಪೂರ್ವಕ್ಕೆ ತಿರುಗಿ ದೆಹಲಿ, ದೌಲತಾಬಾದುಗಳ ಮೇಲೆ ಕಲಬುರಗಿಗೆ ಬಂತು. ಬಹಮನಿ ಕಾಲದ ಮಸೀದಿ ಇರುವ ಇಲ್ಲಿನ ಶಾ ಬಜಾರ್ ಇಂದಿಗೂ ಆ ಹೆಸರನ್ನು ಬಿಟ್ಟಿಲ್ಲ. ಇನ್ನೊಂದು ದಾರಿ ತುರ್ಕರ ಬೆನ್ನು ಹತ್ತಿ ಪಶ್ಚಿಮಕ್ಕೂ ಉತ್ತರಕ್ಕೂ ಹೋಯಿತು. ವೋಲ್ಗಾ ತೀರದ ತಾತಾರರಿಂದ ರಷ್ಯನ್ನರು ‘ಬಜಾರ್’ ಕಲಿತರು. ಒಟ್ಟೊಮನ್ ತುರ್ಕರ ಬಾಯಲ್ಲಿ ಬಕಾರ ಪಕಾರವಾಗಿತ್ತು. ಅವರಿಂದ ಬಲ್ಗೇರಿಯನ್ನರು, ಸರ್ಬರು ‘ಪಜಾರ್’ ಕಲಿತರು. ಪದದ ಮೊದಲ ಅಕ್ಷರ ನೋಡಿದರೆ ಸಾಕು, ಅದು ಯಾವ ದಾರಿಯಲ್ಲಿ ಬಂತೆಂದು ಹೇಳಬಹುದು. ಸ್ಲಾವಿಕ್ ಅಲ್ಲದ ಹಂಗೇರಿಯನ್ನಿನಲ್ಲಿ ಮಾತ್ರ ಇದು ‘ವಾಶಾರ್’, ಆ ಹಳೆಯ ವಕಾರ ಅಲ್ಲಿ ಇನ್ನೂ ಉಳಿದಿದೆ. ಅವರ ಭಾನುವಾರಕ್ಕೂ ‘ವಶಾರ್ನಪ್’, ಸಂತೆಯ ದಿನ, ಎಂದೇ ಹೆಸರು. ತುರ್ಕರ ಭಾನುವಾರವೂ ‘ಪಜಾರ್’.

ದಕ್ಷಿಣ ಸರ್ಬಿಯಾದಲ್ಲಿ ನೋವಿ ಪಜಾರ್ ಎಂಬ ಊರಿದೆ. ಹೊಸ ಬಜಾರು ಎಂದರ್ಥ. ಒಟ್ಟೊಮನ್ನರ ಸೇನಾನಿ ಈಸಾ ಬೇಗ್ ಇಸಾಕೊವಿಚ್ 1461ರ ಸುಮಾರಿಗೆ ಅದನ್ನು ಕಟ್ಟಿದ. ನಿಕಿತಿನ್ ಆಳಂದದ ಬಜಾರಿಗೆ ಬಂದದ್ದು ಅದಾದ ಸುಮಾರು ಹತ್ತು ವರ್ಷಕ್ಕೆ. ಒಂದೇ ಕಾಲದಲ್ಲಿ ಒಂದೇ ಪದ ಬಾಲ್ಕನ್ನಿನ ಬೆಟ್ಟಗಳಲ್ಲೂ ದಖ್ಖನಿನ ಬಯಲಿನಲ್ಲೂ ಬೇರು ಬಿಡುತ್ತಿತ್ತು. ಇದು ನೆನಪಾದಾಗಲೆಲ್ಲ ಆಳಂದದ ಬಗ್ಗೆ ನನ್ನ ಅಭಿಮಾನ ಇಮ್ಮಡಿಯಾಗುತ್ತದೆ.

ಸ್ಲಾವಿಕ್ ಮನೆಗಳನ್ನು ಹೊಕ್ಕ ಮೇಲೆ ಪದ ಒಂದೊಂದು ಮನೆಯಲ್ಲಿ ಒಂದೊಂದು ಕೆಲಸ ಹಿಡಿಯಿತು. ಬಲ್ಗೇರಿಯನ್ನಿನಲ್ಲಿ ‘ಪಜಾರ್’ ತರಕಾರಿ ಮಾರುಕಟ್ಟೆಯೂ ಹೌದು, ಅರ್ಥಶಾಸ್ತ್ರಜ್ಞರು ಹೇಳುವ ಮಾರುಕಟ್ಟೆಯೂ ಹೌದು. ಸೋಫಿಯಾದ ಹಳೆಯ ಮಾರುಕಟ್ಟೆಗೆ ‘ಝೆನ್ಸ್ಕಿ ಪಜಾರ್’, ಹೆಂಗಸರ ಬಜಾರು, ಎಂಬ ಹೆಸರಿದೆ. ಅದರಿಂದ ಹುಟ್ಟಿದ ‘ಪಜಾರ್ಯಾ ಸೆ’ ಎಂಬ ಕ್ರಿಯಾಪದಕ್ಕೆ ಚೌಕಾಸಿ ಮಾಡುವುದು ಎಂದರ್ಥ. ಸರ್ಬಿಯನ್ನಿನಲ್ಲಿ ಅಂಗಡಿಯವನು ಸಂಜೆ ಗಲ್ಲಾ ತೆಗೆದು ಎಣಿಸುವ ದಿನದ ಗಳಿಕೆಯೂ ‘ಪಜಾರ್’. ಚೆಕ್ ಭಾಷೆಗೆ ಹೋದರೆ ‘ಬಜಾರ್’ ಹಳೆಯ ಸಾಮಾನು ಮಾರುವ ಅಂಗಡಿಯಾಗಿ ಕುಗ್ಗಿದೆ. ಬಳಸಿದ ಕಾರು ಮಾರುವಲ್ಲಿ ‘ಆಟೊಬಜಾರ್’ ಎಂಬ ಫಲಕ ತೂಗುತ್ತದೆ.

ಪೋಲಂಡಿನ ಪೊಜ್ನಾನ್ ನಗರದಲ್ಲಿ ಈ ಪದಕ್ಕೆ ಸಿಕ್ಕ ಗೌರವ ಬೇರೆಲ್ಲೂ ಸಿಕ್ಕಿಲ್ಲ. ಪ್ರಷ್ಯದ ಆಳ್ವಿಕೆಯಲ್ಲಿ ಪೋಲಿಷ್ ವರ್ತಕರಿಗೂ ಕುಶಲಕರ್ಮಿಗಳಿಗೂ ನೆಲೆ ಬೇಕೆಂದು ವೈದ್ಯ ಕರೊಲ್ ಮಾರ್ಚಿಂಕೊವ್‌ಸ್ಕಿ ಮತ್ತವರ ಗೆಳೆಯರು 19ನೇ ಶತಮಾನದ ಮಧ್ಯದಲ್ಲಿ ಕಟ್ಟಿದ ಹೋಟೆಲಿಗೆ ‘ಬಜಾರ್’ ಎಂದೇ ಹೆಸರಿಟ್ಟರು. ಪಿಯಾನೊ ವಾದಕ, ರಾಷ್ಟ್ರನಾಯಕ ಪಾದೆರೆವ್‌ಸ್ಕಿ 1918ರ ಡಿಸೆಂಬರ್ 26ರಂದು ಅಲ್ಲಿಂದ ಜನರನ್ನು ಉದ್ದೇಶಿಸಿ ಮಾತನಾಡಿದರು. ಮರುದಿನವೇ ಜರ್ಮನ್ ಆಡಳಿತದ ವಿರುದ್ಧ ದಂಗೆ ಎದ್ದಿತು. ಇರಾನಿನಲ್ಲಿ ಹುಟ್ಟಿದ ಪದವನ್ನು ತಮ್ಮ ರಾಷ್ಟ್ರೀಯ ಹೋರಾಟದ ಮನೆಗೆ ಇಟ್ಟಾಗ ಪೋಲಿಷರಿಗೆ ಅದು ಪರಕೀಯ ಅನ್ನಿಸಲಿಲ್ಲ.

ರಷ್ಯನ್ನಿನಲ್ಲಿ ಪದ ಗದ್ದಲದ ಕಡೆಗೆ ಹೊರಳಿತು. ಉತ್ತರದ ಸಮುದ್ರದ ಬಂಡೆಗಳ ಮೇಲೆ ಸಾವಿರಗಟ್ಟಲೆ ಕಡಲಹಕ್ಕಿಗಳು ಕೂಡಿ ಕೂಗುವ ತಾಣ ಅವರಿಗೆ ‘ಹಕ್ಕಿಗಳ ಬಜಾರು’. ಹುಡುಗರ ಆಡುಮಾತಿನಲ್ಲಿ ‘ಬಜಾರಿತ್’ ಎಂದರೆ ಹರಟುವುದು. ಜಗಳಗಂಟಿಯೆಂದು ಬಗೆದ ಹೆಂಗಸನ್ನು ‘ಬಜಾರ್ನಯಾ ಬಾಬಾ’ ಎಂದು ಜರಿಯುತ್ತಾರೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಬಜಾರಿ’ ಎಂಬ ಬೈಗುಳ ನಮ್ಮಲ್ಲೂ ಇದೆ, ಅದೂ ಗಂಡಸರಿಗೆ ಅಂಟದ ಬೈಗುಳ. ಒಬ್ಬರಿಂದೊಬ್ಬರು ಕೇಳಿ ಕಲಿಯದೆಯೇ ಎರಡು ಸಮಾಜಗಳು ಒಂದೇ ಅನ್ಯಾಯವನ್ನು ಹುಟ್ಟಿಸಿಕೊಂಡವು. ಬೆಳಗಿನ ಜಾವ ಎದ್ದು, ಪುಂಡಿಪಲ್ಯೆ, ಮೆಂತೆ ಕಟ್ಟಿಕೊಂಡು ಬಂದು, ಬಿಸಿಲಿನಲ್ಲಿ ಕುಳಿತು, ಗಟ್ಟಿ ದನಿಯಲ್ಲಿ ಕೂಗಿ ಮನೆ ನಡೆಸುವ ಹೆಂಗಸಿನ ದನಿಯೇ ಅವಳ ಬಂಡವಾಳ. ಆ ದನಿಯನ್ನು ಬೈಗುಳ ಮಾಡಿದವರು ಅವಳ ಮುಂದೆ ಕುಳಿತು ಕಾಸು ಲೆಕ್ಕ ಹಾಕಿ ಕೊಸರಾಡಿದವರೇ.

ಹೊಸ ಪದ ಬಂದರೆ ಹಳೆಯದು ಸಾಯುವುದೇ?

ಹಾಗೆ ಹೆದರುವವರು ‘ತೋರ್ಗ್’ ಪದದ ಕತೆ ಕೇಳಬೇಕು. ಬಜಾರ್ ಬಂದಾಗ ಅದು ಮನೆ ಬಿಟ್ಟು ಹೋಗಲಿಲ್ಲ, ಕೆಲಸ ಹಂಚಿಕೊಂಡಿತು. ಪೋಲಿಷಿನ ‘ತಾರ್ಗ್’, ಚೆಕ್ಕಿನ ‘ತ್ರ್ಹ್’ ಇಂದಿಗೂ ಮಾರುಕಟ್ಟೆಯೇ. ದಕ್ಷಿಣ ಪೋಲಂಡಿನ ನೋವಿ ತಾರ್ಗ್ ಎಂಬ ಊರಿನ ಹೆಸರು ಸರ್ಬಿಯಾದ ನೋವಿ ಪಜಾರಿಗೆ ಅರ್ಥದಲ್ಲಿ ಅವಳಿ. ಕ್ರೊಯೇಷಿಯಾ, ಸ್ಲೊವೇನಿಯಾಗಳಲ್ಲಿ ‘ತ್ರ್ಗ್’ ಎಂದರೆ ನಗರದ ಚೌಕ. ಸಂತೆ ಎದ್ದುಹೋದರೂ ಅದು ನಡೆಯುತ್ತಿದ್ದ ಬಯಲಿಗೆ ಹೆಸರು ಅಂಟಿಕೊಂಡಿತು. ಬಲ್ಗೇರಿಯನ್ನಿನಲ್ಲಿ ‘ತರ್ಗ್’ ಎಂದರೆ ಹರಾಜು, ನಮ್ಮ ಕಡೆಯ ಲಿಲಾವು. ಸ್ಲಾವರ ನೆರೆಯವರಾದ ಫಿನ್ನರ ತುರ್ಕು ನಗರದ ಹೆಸರೂ ಇದೇ ಪದ. ಬೆಂಗಳೂರಿನ ತರಗುಪೇಟೆಯ ‘ತರಗು’ ಕಿವಿಗೆ ಹೀಗೇ ಕೇಳಿಸುತ್ತದೆ, ದಲ್ಲಾಳಿಯ ಕಮಿಷನ್ ಎಂಬ ಅರ್ಥವೂ ಹತ್ತಿರದ್ದೇ. ಆದರೆ ಅದು ನಮ್ಮ ದ್ರಾವಿಡ ಪದ, ಹೋಲಿಕೆ ಬರೀ ಕಾಕತಾಳೀಯ.

ಕನ್ನಡದಲ್ಲೂ ನಡೆದದ್ದು ಇದೇ. ವಾರಕ್ಕೊಮ್ಮೆ ಕೂಡುವುದು ಸಂತೆ. ಅಂಗಡಿ ಸಾಲಿನ ಕಾಯಂ ಬೀದಿ ಬಜಾರು. ಕಾಳುಕಡಿಯ ಸಗಟು ವ್ಯಾಪಾರಕ್ಕೆ ಗಂಜ್. ಸಂತೆಯನ್ನು ಬಜಾರು ಓಡಿಸಲಿಲ್ಲ, ಬಜಾರನ್ನು ಮಾರ್ಕೆಟ್ಟು ಓಡಿಸಲಿಲ್ಲ.

ಗಂಜ್‌ನ ಉಳಿದ ಪದಗಳ ಕಡೆಗೂ ಒಮ್ಮೆ ನೋಡಬೇಕು. ಚೀಲ ಹೊರುವ ಹಮಾಲನ ಅರಬ್ಬಿ ಹೆಸರು ಬಲ್ಗೇರಿಯನ್ನಿನಲ್ಲಿ ‘ಹಮಾಲಿನ್’, ಅಲ್ಲೂ ಹೊರೆ ಹೊರುವವನೇ. ದುಕಾನ ಕ್ರೊಯೇಷಿಯನ್ನಿನಲ್ಲಿ ‘ದುಚಾನ್’, ಬಲ್ಗೇರಿಯನ್ನಿನಲ್ಲಿ ‘ದ್ಯುಕ್ಯಾನ್’. ಅದೇ ಪದ ಕಾಕಸಸ್ ಪರ್ವತಗಳ ಮೂಲಕ ರಷ್ಯನ್ನಿಗೆ ಹೋದಾಗ ‘ದುಖಾನ್’ ಆಗಿ, ದಾರಿಹೋಕರಿಗೆ ಊಟ ಮತ್ತು ದ್ರಾಕ್ಷಿಮದ್ಯ ಸಿಗುವ ಚಿಕ್ಕ ತಂಗುದಾಣವಾಯಿತು. ದಲಾಲನ ಕತೆ ಇನ್ನೂ ಸೊಗಸು. ಅರಬ್ಬಿಯ ‘ದಲ್ಲಾಲ್’ ತುರ್ಕಿಯಲ್ಲಿ ‘ತೆಲ್ಲಾಲ್’ ಆಗಿ, ಬೋಸ್ನಿಯಾ, ಸರ್ಬಿಯಾಗಳಲ್ಲಿ ‘ತೆಲಾಲ್’ ಎಂದರೆ ಬೀದಿಯಲ್ಲಿ ಡಂಗುರ ಸಾರುವವನು. ನಮ್ಮಲ್ಲಿ ವ್ಯಾಪಾರ ಕುದುರಿಸುವ ಮನುಷ್ಯನನ್ನೂ ಅಲ್ಲಿ ಸಾರುವವನನ್ನೂ ಕೂಡಿಸುವುದು ಆ ಕೂಗು.

ಕ್ವಿಂಟಲ್ ಇಂಗ್ಲಿಷರು ಕೊಟ್ಟದ್ದೆಂದು ನಾವು ತಿಳಿದಿದ್ದೇವೆ. ಆದರೆ ಅದರ ದಾರಿ ಉದ್ದ: ಲ್ಯಾಟಿನ್ನಿನ ನೂರು ಎಂಬ ಪದ ಅರಬ್ಬಿಗೆ ಹೋಗಿ ‘ಕಿಂತಾರ್’ ಆಯಿತು, ಮರಳಿ ಯುರೋಪಿಗೆ ಬಂದು ‘ಕ್ವಿಂಟಾಲ್’ ಆಯಿತು. ಇತ್ತ ಬಾಲ್ಕನ್ನಿನಲ್ಲಿ ಅದೇ ‘ಕಾಂತಾರ್’ ತೂಗುವ ತಕ್ಕಡಿಗೆ ಹೆಸರಾಯಿತು. ಬೆಳಗಿನ ಮೊದಲ ಗಿರಾಕಿಯಿಂದ ನಾವು ಬೋಣಿ ಮಾಡಿಸಿಕೊಳ್ಳುವಂತೆ ಬಲ್ಗೇರಿಯದ ವ್ಯಾಪಾರಿ ‘ಸೆಫ್ತೆ’ ಮಾಡಿಸಿಕೊಳ್ಳುತ್ತಾನೆ. ರಷ್ಯನ್ನಿನಲ್ಲಿ ಸರಕಿಗಿರುವ ‘ತವಾರ್’ ತುರ್ಕರಿಂದ ಬಂದದ್ದು. ಸರಕಿನ ಜೊತೆಗಾರ ಎಂಬ ಅರ್ಥದಲ್ಲಿ ಅದರಿಂದ ‘ತವಾರಿಶ್ಚ್’ ಹುಟ್ಟಿತೆಂದು ಬಹುತೇಕ ಪಂಡಿತರ ಮತ. ಕಾಮ್ರೇಡ್ ಎಂದು ಕೆಂಪು ಬಾವುಟದ ಸಭೆಗಳಲ್ಲಿ ನಮ್ಮವರು ಕೂಗುವ ಪದದ ರಷ್ಯನ್ ರೂಪ ಅದು. ವ್ಯಾಪಾರಿಗಳ ದಂಡಿನಲ್ಲಿ ಹುಟ್ಟಿ ಕೂಲಿಕಾರರ ಬಾಯಿಗೆ ಬಂತು.

ನಾವು ಓದುವ ಮ್ಯಾಗಜಿನ್ ಕೂಡ ಇದೇ ಬಳಗದ್ದು. ನಮ್ಮ ಖಜಾನೆಯ ಅರಬ್ಬಿ ಬೇರಿನಿಂದಲೇ ಉಗ್ರಾಣ ಎಂಬ ಅರ್ಥದ ‘ಮಖ್ಜನ್’ ಬಂತು. ಅದು ಯುರೋಪಿನ ಮೇಲೆ ಹಾದು ರಷ್ಯನ್, ಬಲ್ಗೇರಿಯನ್ನುಗಳಲ್ಲಿ ‘ಮಗಜೀನ್’ ಎಂಬ ಅಂಗಡಿಯಾಯಿತು, ಸರ್ಬಿಯನ್ನಿನಲ್ಲಿ ‘ಮಗಾಚಿನ್’ ಎಂಬ ಗೋದಾಮಾಯಿತು, ಪೋಲಿಷಿನಲ್ಲಿ ಗೋದಾಮೂ ಆಯಿತು, ನಿಯತಕಾಲಿಕವೂ ಆಯಿತು.

ನಿಧಿಯಿಂದ ಕಾಳಿನ ರಾಶಿಗೆ

ಗಂಜ್ ಕೂಡ ಬಹಳ ಹಳೆಯ ಪದ. ಪ್ರಾಚೀನ ಇರಾನಿನಲ್ಲಿ ‘ಗಂಜ’ ಎಂದರೆ ದೊರೆಯ ನಿಧಿ. ಮಥುರೆಯಲ್ಲಿ ಕ್ಷತ್ರಪ ಶೋಡಾಸನ ಕಾಲದ, ಸುಮಾರು ಎರಡು ಸಾವಿರ ವರ್ಷ ಹಳೆಯ ಶಾಸನವೊಂದರಲ್ಲಿ ‘ಗಂಜವರ’ ಎಂಬ ಅಧಿಕಾರಿ ಕಾಣಿಸಿಕೊಳ್ಳುತ್ತಾನೆ, ಎಂದರೆ ಕೋಶಾಧಿಕಾರಿ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಹುದ್ದೆ ಯಾವುದೋ ಅದೇ ಕೆಲಸ. ಗ್ರೀಕರು ಇದನ್ನು ‘ಗಾಜಾ’ ಎಂದರು. ಅವರಿಂದ ‘ಗಾಜೊಫಿಲಾಕಿಯಾ’, ದೇಗುಲದ ಭಂಡಾರ, ಎಂಬ ಪದ ಸ್ಲಾವರ ಹಳೆಯ ಬೈಬಲನ್ನೂ ಹೊಕ್ಕಿತು. ಇಂದು ಸುದ್ದಿಯಲ್ಲಿರುವ ಗಾಜಾ ನಗರದ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಯೇ ಗಂಜಿ, ಗಾಂಜಾಗಳಿಗೂ ಗಂಜ್‌ಗೂ ಸಂಬಂಧವಿಲ್ಲ.

ಯಹೂದಿಗಳ ‘ಗೆನಿಜಾ’ ಇದೇ ಬೇರಿನದು. ದೇವರ ಹೆಸರಿರುವ ಕಾಗದ ಹರಿದು ಬಿಸಾಡಬಾರದೆಂದು ಸಿನಗಾಗಿನಲ್ಲಿ ಅವನ್ನು ಕೂಡಿ ಇಡುವ ಕೋಣೆಗೆ ಆ ಹೆಸರು. ಕೈರೋದ ಗೆನಿಜಾದಲ್ಲಿ 12ನೇ ಶತಮಾನದ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ಕವು. ಅವನು ಹದಿನೈದಕ್ಕೂ ಹೆಚ್ಚು ವರ್ಷ ವಾಸವಿದ್ದದ್ದು ಮಂಗಳೂರಿನಲ್ಲಿ. ಅವನ ವ್ಯಾಪಾರಕ್ಕೆ ಕೈಯಾಗಿದ್ದ ಬೊಮ್ಮ ಎಂಬ ನಮ್ಮ ಕರಾವಳಿಯ ದಾಸನ ಹೆಸರೂ ಆ ಪತ್ರಗಳಿಂದಲೇ ಲೋಕಕ್ಕೆ ತಿಳಿಯಿತು. ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನ ಜಾಡು ಹಿಡಿದು ಹೋಗಿದ್ದಾರೆ.

ಕಲಬುರಗಿಗೆ ಗಂಜ್ ಮೊದಲು ನಂಟಾದದ್ದು ಸಿಹಿಯಿಂದ. ಇಲ್ಲಿನ ಸೂಫಿ ಸಂತ ಖ್ವಾಜಾ ಬಂದೇ ನವಾಜರ ಚಿಶ್ತಿ ಗುರುಪರಂಪರೆಯ ಹಿರಿಯರಲ್ಲೊಬ್ಬರು ಬಾಬಾ ಫರೀದ್; ‘ಗಂಜ್-ಎ-ಶಕರ್’, ಸಕ್ಕರೆಯ ನಿಧಿ, ಎಂಬುದು ಅವರ ಬಿರುದು. ನಿಧಿ ಎಂಬ ಅರ್ಥ ಉತ್ತರ ಭಾರತದಲ್ಲಿ ಧಾನ್ಯದ ಪೇಟೆಗೆ ಇಳಿದದ್ದು ನನಗೆ ಇಳಿಕೆಯಾಗಿ ಕಾಣುವುದಿಲ್ಲ. ದೊರೆಯ ಕೋಶಕ್ಕಿದ್ದ ಹೆಸರು ರೈತನ ರಾಶಿಗೆ ಸಂದಿತು, ಅಷ್ಟೆ. ನಿಜಾಮರ ಸೀಮೆಯ ಊರುಗಳು ಈ ಹೆಸರನ್ನು ಉಳಿಸಿಕೊಂಡವು. ಹೈದರಾಬಾದಿನಲ್ಲಿ ಉಸ್ಮಾನ್ ಗಂಜ್ ಇದೆ. ಕಲಬುರಗಿಯದು ನೆಹರು ಗಂಜ್, ಬೀದರಿನದು ಗಾಂಧಿ ಗಂಜ್, ರಾಯಚೂರಿನದು ರಾಜೇಂದ್ರ ಗಂಜ್. ನಾಯಕರ ಹೆಸರುಗಳು ಹೊಸ ಕಾಲದವು, ಗಂಜ್ ಮಾತ್ರ ಹಾಗೇ ಉಳಿಯಿತು. ಮೈಸೂರು, ಬೆಂಗಳೂರಿಗೆ ಹೋದರೆ ಸಂತೆಪೇಟೆ, ತರಗುಪೇಟೆಗಳು ಸಿಗುತ್ತವೆ.

ನಿಕಿತಿನ್ನನ ಭಾಷೆಯ ಬಗ್ಗೆ ಒಂದು ಮಾತು ಉಳಿದಿದೆ. ಅವನ ರಷ್ಯನ್ ಶುದ್ಧವಲ್ಲ. ನಡುನಡುವೆ ತುರ್ಕಿ, ಪರ್ಷಿಯನ್, ಅರಬ್ಬಿ ಮಾತುಗಳು ನುಗ್ಗುತ್ತವೆ. ಕೊನೆಗೆ ಬರುವ ಪ್ರಾರ್ಥನೆಯಂತೂ ರಷ್ಯನ್ನಿನಲ್ಲೇ ಇಲ್ಲ. ಆ ಬರಹವನ್ನು ಸೋವಿಯತ್ ವಿಜ್ಞಾನ ಅಕಾಡೆಮಿ 1948ರಲ್ಲಿ ತನ್ನ ಸಾಹಿತ್ಯ ಸ್ಮಾರಕಗಳ ಮಾಲೆಯಲ್ಲಿ ಟಿಪ್ಪಣಿಗಳೊಡನೆ ಅಚ್ಚು ಹಾಕಿತು. ತ್ವೇರ್ ಊರಿನ ಜನ ವೋಲ್ಗಾ ದಡದಲ್ಲಿ 1955ರಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಬೀದರ, ಕಲಬುರಗಿ, ಆಳಂದಗಳ ಬಜಾರುಗಳಲ್ಲಿ ತಿರುಗಿ ಬೆರೆತ ಆ ಭಾಷೆಯನ್ನು ಅವರು ತಮ್ಮ ಆಸ್ತಿ ಎನ್ನುತ್ತಾರೆ. ಅದೇ ಬಜಾರುಗಳಲ್ಲಿ ಬೆಳೆದ ಕನ್ನಡವನ್ನು ಮಾತನಾಡುವ ನಮ್ಮ ಹುಡುಗರು ಬೆಂಗಳೂರಿನ ಸಂದರ್ಶನಗಳಲ್ಲಿ ನಾಲಿಗೆ ಬಿಗಿಹಿಡಿದು ಕೂರುತ್ತಾರೆ. ಇದು ನನ್ನನ್ನು ಬಹಳ ನೋಯಿಸುತ್ತದೆ.

2014ರಿಂದೀಚೆಗೆ ರಾಜ್ಯದ ಕೃಷಿ ಮಾರುಕಟ್ಟೆಗಳು ಆನ್‌ಲೈನ್ ಟೆಂಡರಿನತ್ತ ಹೊರಳುತ್ತಿವೆ. ದರ ಪರದೆಯ ಮೇಲೆ ಮೂಡಿದರೆ ಕೂಗಿ ಲಿಲಾವು ಮಾಡುವ ಅಗತ್ಯ ಕಡಿಮೆಯಾಗುತ್ತದೆ. ರೈತನಿಗೆ ಅದರಿಂದ ನ್ಯಾಯದ ಬೆಲೆ ಸಿಕ್ಕರೆ ಸಂತೋಷವೇ. ಆದರೆ ಕೂಗು ನಿಂತಾಗ ಕೂಗಿನ ಪದಗಳೂ ಹೋಗುತ್ತವೆ. ಬಾಲ್ಕನ್ನಿನ ‘ತೆಲಾಲ್’ ಇಂದು ಹಳೆಯ ಕತೆಗಳಲ್ಲಿ ಮಾತ್ರ ಇದ್ದಾನೆ. ನಮ್ಮ ಗಂಜ್‌ನ ತೂಕದ, ಗುಣದ, ಚೀಲದ, ಕೂಲಿಯ, ಸೋಡಿಯ ಪದಗಳನ್ನು ಹಿರಿಯ ಹಮಾಲರ, ದಲಾಲರ ಬಾಯಿಂದಲೇ ಕೇಳಿ ಬರೆದಿಡಬೇಕು. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಕಡಗಂಚಿಯಲ್ಲಿ, ನಿಕಿತಿನ್ ಮೆಚ್ಚಿದ ಆಳಂದ ತಾಲ್ಲೂಕಿನಲ್ಲೇ. ಮುಂದಿನ ತೊಗರಿ ಸುಗ್ಗಿಗೆ ಎರಡೂ ಕಡೆಯ ಭಾಷಾ ವಿಭಾಗಗಳ ವಿದ್ಯಾರ್ಥಿಗಳು ರೆಕಾರ್ಡರ್ ಹಿಡಿದು ನೆಹರು ಗಂಜ್‌ಗೆ ಬರಲಿ, ಬೆಳಿಗ್ಗೆ ಚೀಲ ಇಳಿಯುವ ಹೊತ್ತಿಗೇ ಬರಲಿ.